ಪರೋಕ್ಷವಿನಯ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ನಡೆದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಸಮಾಜದ ಸೇವೆಯಲ್ಲಿ ಬಹುಕಾಲ ದುಡಿದ ಹಿರಿಯ ಮಹಿಳೆಯೊಬ್ಬರನ್ನು ಸ್ಮರಿಸಿ ನಾಲ್ಕು ಮಾತು ಆಡಬೇಕೆಂದು ಈ ಗೋಷ್ಠಿಯ ಸಂಚಾಲಕರು ನನಗೆ ಆಜ್ಞಾಪಿಸಿದ್ದಾರೆ. ಒಪ್ಪಿಕೊಂಡ ಮೇಲೆ ನನಗೆ ಸಂಕೋಚವಾಯಿತು. ಯಾರನ್ನೆಂದು ಸ್ಮರಿಸಲಿ? ನಮ್ಮ ಮಹಿಳಾ ಸಮಾಜದಲ್ಲಿ ಮೂವತ್ತು ನಲವತ್ತು ವರ್ಷ ದುಡಿದು ಕಣ್ಮರೆಯಾದವರು ಒಬ್ಬಿಬ್ಬರಲ್ಲ. ಒಬ್ಬರ ಹೆಸರನ್ನೆತ್ತಿದರೆ ಇನ್ನೊಬ್ಬರನ್ನು ಬಿಟ್ಟ ದೋಷ. ಅದಕ್ಕಿಂತ ಮಿಗಿಲಾದ ತೊಡಕು ಬೇರೊಂದಿದೆ. ಅದನ್ನು ಕೊನೆಗೆ ಹೇಳುವೆನು. ಹೀಗೆ ಯೋಚಿಸುತ್ತಿರುವಾಗ ನನ್ನ ಮನಸ್ಸು ಇಲ್ಲಿಂದ ಪಶ್ಚಿಮಕ್ಕೆ, ಆಯನೂರು ರಿಪ್ಪನ್‌ಪೇಟೆಗಳನ್ನು ದಾಟಿ, ಹೊಂಬುಜಕ್ಕೆ ಹೋಯಿತು. ಒಂಬೈನೂರೈವತ್ತು ವರ್ಷಗಳಷ್ಟು ಹಿಂದಕ್ಕೆ ಹೋಯಿತು. ನಮ್ಮ ಜಿಲ್ಲೆಯ ಶ್ರಾವಿಕೆಯರಿಗೆಲ್ಲ ಹಿರಿಯಳಾದ ಚಟ್ಟಲದೇವಿಯನ್ನು ಕುರಿತು ಮಾತನಾಡುವುದೆಂದು ನಿಶ್ಚಯಿಸಿದೆ.

ಹೊಂಬುಜಕ್ಕೆ ಹೋಗದವರು ಈ ಸಭೆಯಲ್ಲಿ ಯಾರೂ ಇರಲಾರರು. ಪದ್ಮಾವತಿ ಅಮ್ಮನವರ ಸನ್ನಿಧಿಗೆ ಹೋಗುತ್ತೇವೆ, ಲಕ್ಕಿಯ ಮರಕ್ಕೆ ಪ್ರದಕ್ಷಿಣೆ ಬರುತ್ತೇವೆ, ಜಿನದತ್ತರಾಯನ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ, ಪ್ರಸಾದ ಸ್ವೀಕರಿಸಿ ಬಸ್ಸಿಗೆ ಅವಸರಪಡುತ್ತೇವೆ. ಊರಿನಲ್ಲಿಯೇ ಇರುವ ಪಂಚಕೂಟ ಬಸದಿಯನ್ನು ನೋಡಿ ಬರುವವರು ಅವರಲ್ಲಿ ಅರ್ಧದಷ್ಟು ಇದ್ದಾರು. ಅಲ್ಲಿ ನಿಂತು, ಇದನ್ನು ಕಟ್ಟಿಸಿದವರು ಯಾರು ಎಂದು ಕೇಳಿದವರು ಎಷ್ಟು ಮಂದಿಯೋ! ನಾನೂ ಬಹುಕಾಲ ಕೇಳಿರಲಿಲ್ಲ. ಆನೆ ಸಿಂಹಗಳನ್ನು ಕೆತ್ತಿದ ಪೀಠದ ಮೇಲೆ ನಿಂತ ಎತ್ತರದ ಮಾನಸ್ತಂಭವನ್ನು ಕತ್ತೆತ್ತಿ ನೋಡಿ, ಕೈಮುಗಿದು, ಹಿಂದಿರುಗುತ್ತಿದ್ದೆ. ಸಾಲಾಗಿ ಐದು ಗರ್ಭಗೃಹಗಳುಳ್ಳ ಆ ಬಸದಿಗೆ 'ಉರ್ವೀತಿಲಕ' ಎಂದು ಹೆಸರು. ಭೂಮಿಗೆ ಇಟ್ಟ ತಿಲಕ ಎಂದರ್ಥ. ಆ ತಿಲಕವನ್ನು ಇಟ್ಟ ಕೈ ಹೆಂಗಸಿನ ಕೈ.

ಆ ಬಸದಿಯ ಶಾಸನ ಶಕವರ್ಷ 999ಕ್ಕೆ, ಎಂದರೆ ಕ್ರಿಸ್ತಶಕ 1077ಕ್ಕೆ ಸೇರಿದ್ದು. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಪಟ್ಟಕ್ಕೆ ಬಂದ ಮರುವರ್ಷದ ಮಾತು. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ, ಆಗಿನ ನಗರ ತಾಲ್ಲೂಕಿನ ಶಾಸನಗಳ ನಡುವೆ ಇದು ಅಚ್ಚಾಗಿದೆ. ಹಳಗನ್ನಡದ ಉದ್ದನೆಯ ವಾಕ್ಯಗಳು. ಬಿರುದಾವಳಿಗಳನ್ನು ದಾಟಿ ವಿಷಯಕ್ಕೆ ಬರುವಷ್ಟರಲ್ಲಿ ಓದುವವರಿಗೆ ಆಯಾಸವಾಗುವುದುಂಟು. ಆದರೂ ಸಹನೆಯಿಂದ ಓದಿದರೆ ಒಂದು ಮನೆಯ ಕಥೆ ಕಾಣಿಸಿಕೊಳ್ಳುತ್ತದೆ.

ಚಟ್ಟಲದೇವಿ ಹುಟ್ಟಿದ್ದು ಗಂಗರ ಮನೆತನದಲ್ಲಿ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಯಾವ ಅರಸುಮನೆಗೆ ಮಂತ್ರಿಯಾಗಿದ್ದನೋ ಅದೇ ಮನೆತನ. ಅವಳ ಕಾಲಕ್ಕೆ ಗಂಗರ ರಾಜ್ಯದ ವೈಭವ ಅಸ್ತಮಿಸಿತ್ತು. ಚೋಳರ ಕೈಯಲ್ಲಿ ತಲಕಾಡು ಬಿದ್ದು ಎಪ್ಪತ್ತು ವರ್ಷ ಕಳೆದಿತ್ತು. ರಾಜ್ಯ ಹೋದರೂ ಆ ಮನೆಯ ಧರ್ಮಶ್ರದ್ಧೆ ಹೋಗಿರಲಿಲ್ಲ ಎಂಬುದಕ್ಕೆ ಈ ಮಗಳೇ ಸಾಕ್ಷಿ. ತಂದೆ ಅರುಮುಳಿದೇವ, ತಾಯಿ ಗಾವಬ್ಬರಸಿ. ಚಟ್ಟಲದೇವಿಯನ್ನು ತೊಂಡೆನಾಡಿನ ಕಾಡುವೆಟ್ಟಿಗೆ ಕೊಟ್ಟರು. ತಂಗಿ ವೀರಲದೇವಿಯನ್ನು ಪೊಂಬುಚ್ಚದ ವೀರಸಾಂತರನಿಗೆ ಕೊಟ್ಟರು. ಒಬ್ಬಳು ತಮಿಳುನಾಡಿನ ಬಯಲಿಗೆ, ಒಬ್ಬಳು ನಮ್ಮ ಮಲೆನಾಡಿನ ಮಳೆಗೆ.

ತಂಗಿಗೆ ನಾಲ್ವರು ಗಂಡುಮಕ್ಕಳಾದರು: ತೈಲ, ಗೊಗ್ಗಿಗ, ಒಡ್ಡುಗ, ಬರ್ಮ. ಮುಂದೆ ಇವರಲ್ಲಿ ತೈಲನು ಭುಜಬಲ ಸಾಂತರನೆಂದೂ ಗೊಗ್ಗಿಗನು ನನ್ನಿ ಸಾಂತರನೆಂದೂ ಒಡ್ಡುಗನು ವಿಕ್ರಮ ಸಾಂತರನೆಂದೂ ಹೆಸರಾದರು. ಆದರೆ ಆ ಹೆಸರು ಪಡೆಯುವುದಕ್ಕೆ ಮೊದಲೇ ತಾಯಿ ತೀರಿಕೊಂಡಳು. ಆಗ ಆ ನಾಲ್ವರಿಗೆ ತಾಯಿಯಾದವಳು ಚಟ್ಟಲದೇವಿ. ಅವರನ್ನು ತನ್ನ ಹೊಟ್ಟೆಯ ಮಕ್ಕಳೆಂದೇ ಕಂಡಳು.

ಸೋದರಿಯರೆ, ತಾಯಿಯ ಅಕ್ಕನನ್ನು ನಾವು ಏನೆಂದು ಕರೆಯುತ್ತೇವೆ? ದೊಡ್ಡಮ್ಮ ಎಂದು. ಎಷ್ಟು ವಿವೇಕದ ಮಾತು ಅದು! ಬೇರೆ ಹೆಸರನ್ನು ಹುಡುಕದೆ ಅವಳನ್ನೂ ಅಮ್ಮನೆಂದೇ ಕರೆದು, ಮೇಲೆ ಒಂದು 'ದೊಡ್ಡ'ವನ್ನು ಇಟ್ಟಿದ್ದಾರೆ ನಮ್ಮ ಹಿರಿಯರು. ಹೊಂಬುಜದ ಈ ದೊಡ್ಡಮ್ಮ ಆ ಪದವನ್ನು ಅಕ್ಷರಶಃ ನಿಜ ಮಾಡಿದಳು. ಅರಮನೆಯಲ್ಲಿ ನಾಲ್ಕು ಮಂದಿ ಗಂಡುಮಕ್ಕಳನ್ನು, ಅದೂ ತಾಯಿಯಿಲ್ಲದ ಮಕ್ಕಳನ್ನು, ಒಬ್ಬರ ಮೇಲೊಬ್ಬರು ಕತ್ತಿ ಹಿರಿಯದಂತೆ ಬೆಳೆಸುವುದು ಸಾಮಾನ್ಯವಾದ ಕೆಲಸವಲ್ಲ. ಚರಿತ್ರೆಯಲ್ಲಿ ಪಟ್ಟಕ್ಕಾಗಿ ಕಾದಾಡಿದ ಅಣ್ಣತಮ್ಮಂದಿರು ಬೇಕಾದಷ್ಟು ಸಿಗುತ್ತಾರೆ. ಇಲ್ಲಿ ಅಣ್ಣತಮ್ಮಂದಿರು ದೊಡ್ಡಮ್ಮನೊಡನೆ ಕೂಡಿ ಬಸದಿ ಕಟ್ಟಿಸುತ್ತಾರೆ, ಕೂಡಿ ದತ್ತಿ ಬಿಡುತ್ತಾರೆ. ನಾನು ಸಮಾಜದ ಕಾರ್ಯಕಾರಿ ಸಮಿತಿಗಳಲ್ಲಿ ಅನೇಕ ವರ್ಷ ಕುಳಿತವಳು. ನಾಲ್ವರನ್ನು ಒಂದು ಮಾತಿಗೆ ಒಪ್ಪಿಸುವುದು ಎಷ್ಟು ಕಷ್ಟವೆಂಬುದನ್ನು ಬಲ್ಲೆ. ಐದು ಗರ್ಭಗೃಹದ ಬಸದಿಗಿಂತ ಅದೇ ದೊಡ್ಡ ಪವಾಡವೆಂದು ನನಗೆ ಒಮ್ಮೊಮ್ಮೆ ತೋರುತ್ತದೆ.

ಇನ್ನು ಬಸದಿಯನ್ನು ಏಕೆ ಕಟ್ಟಿಸಿದಳು ಎಂಬ ವಿಚಾರ. ಅರುಮುಳಿದೇವ, ಗಾವಬ್ಬರಸಿ, ವೀರಲದೇವಿ, ರಾಜಾದಿತ್ಯದೇವ, ಈ ನಾಲ್ವರ 'ಪರೋಕ್ಷವಿನಯ'ಕ್ಕಾಗಿ ಎಂದು ಶಾಸನದಿಂದ ತಿಳಿದುಬರುತ್ತದೆ. ತಂದೆ, ತಾಯಿ, ತಂಗಿ, ತನ್ನವರು. ನಾನು ಈ ಭಾಷಣಕ್ಕೆ ಹೆಸರಿಟ್ಟಿರುವುದು ಈ ಶಬ್ದದಿಂದಲೇ. ನಮ್ಮ ಶಾಸನಗಳಲ್ಲಿ ಅಲ್ಲಲ್ಲಿ ಕಾಣುವ ಈ ಶಬ್ದವನ್ನು ನಾವು ಮರೆತೇ ಬಿಟ್ಟಿದ್ದೇವೆ.

ವಿನಯವೆಂದರೆ ಬರಿಯ ನಯವಾದ ನಡತೆಯಲ್ಲ. ಆರು ಬಗೆಯ ಅಭ್ಯಂತರ ತಪಸ್ಸುಗಳಲ್ಲಿ ಅದು ಒಂದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ವಿನಯವನ್ನು ಜ್ಞಾನ, ದರ್ಶನ, ಚಾರಿತ್ರ, ಉಪಚಾರಗಳೆಂದು ನಾಲ್ಕಾಗಿ ಹೇಳುತ್ತದೆ. ಕಡೆಯದಾದ ಉಪಚಾರವಿನಯವನ್ನು ವಿವರಿಸುವಾಗ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಒಂದು ಸೂಕ್ಷ್ಮವನ್ನು ಹೇಳಿದ್ದಾರೆ. ಪೂಜ್ಯರು ಎದುರಿಗಿದ್ದಾಗ ಎದ್ದು ನಿಲ್ಲುವುದು, ಕೈಮುಗಿಯುವುದು ಮಾತ್ರವಲ್ಲ. ಅವರು ಕಣ್ಣಿಗೆ ಮರೆಯಾಗಿರುವಾಗಲೂ ಕಾಯ ವಾಕ್ ಮನಸ್ಸುಗಳಿಂದ ಕೈಮುಗಿಯುವುದು, ಅವರ ಗುಣಗಳನ್ನು ಕೀರ್ತಿಸುವುದು, ನೆನೆಯುವುದು ಸಹ ವಿನಯವೇ ಎಂಬುದು ಅವರ ಅಭಿಪ್ರಾಯ. ಆಚಾರ್ಯರನ್ನು ಕುರಿತು ಹೇಳಿದ ಈ ಮಾತನ್ನು ನಮ್ಮ ಪೂರ್ವಿಕರು ತಮ್ಮ ಮನೆಯ ಹಿರಿಯರಿಗೂ ಅನ್ವಯಿಸಿಕೊಂಡರು.

ನಮ್ಮ ಧರ್ಮದಲ್ಲಿ ಪಿಂಡವಿಲ್ಲ, ತರ್ಪಣವಿಲ್ಲ. ಅಗಲಿದ ಜೀವ ತನ್ನ ಕರ್ಮಕ್ಕೆ ತಕ್ಕ ಗತಿಗೆ ಹೋಗಿಯೇ ಹೋಗಿರುತ್ತದೆ. ಇಲ್ಲಿ ನಾವು ಬಡಿಸಿದ್ದು ಅಲ್ಲಿಗೆ ಮುಟ್ಟದು. ಹಾಗಾದರೆ ಅಗಲಿಕೆಯ ದುಃಖವನ್ನು ನಾವು ಏನು ಮಾಡಬೇಕು? ಚಟ್ಟಲದೇವಿ ಮಾಡಿದ್ದನ್ನು ಮಾಡಬೇಕು. ತಂಗಿ ಸತ್ತ ದುಃಖ ಅವಳ ಕೈಯಲ್ಲಿ ಬಸದಿಯಾಯಿತು, ಕೆರೆಯಾಯಿತು, ಅನ್ನವಾಯಿತು.

ಕೆರೆಯೆಂದೆನಲ್ಲವೆ? ಶಾಸನ ಅವಳನ್ನು ಬಸದಿ ಕಟ್ಟಿಸಿದವಳೆಂದು ಮಾತ್ರ ಹೊಗಳಿ ಸುಮ್ಮನಾಗುವುದಿಲ್ಲ. ಕೆರೆ, ಬಾವಿ, ದೇಗುಲ, ಅರವಟ್ಟಿಗೆ, ಸ್ನಾನಕ್ಕೆ ತೀರ್ಥ, ಸತ್ರ, ತೋಪು ಇವುಗಳನ್ನೆಲ್ಲ ಅವಳ ಪುಣ್ಯಕಾರ್ಯಗಳೆಂದು ಎಣಿಸುತ್ತದೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನೂ ಹೇಳುತ್ತದೆ. ಅರವಟ್ಟಿಗೆ ಎಂಬುದನ್ನು ಕೇಳಿದಾಗ ನನಗೆ ಬಹಳ ಸಂತೋಷವಾಯಿತು. ಅರಸಿಯೊಬ್ಬಳ ಶಾಸನದಲ್ಲಿ ದಾರಿಹೋಕನ ಬಾಯಾರಿಕೆಗೂ ಸ್ಥಳವಿದೆ! ಬಸದಿ ಕಟ್ಟಿಸಿದರೆ ಅದು ನಿಂತಿರುತ್ತದೆ. ಕೆಲವು ತಲೆಮಾರುಗಳ ತನಕ ತಾನೇ ತನ್ನನ್ನು ನೋಡಿಕೊಳ್ಳುತ್ತದೆ. ಅರವಟ್ಟಿಗೆ ಹಾಗಲ್ಲ. ಮಡಕೆಗೆ ದಿನವೂ ನೀರು ತುಂಬಬೇಕು, ಆ ನೀರನ್ನು ಸೋಸಿ ತುಂಬಬೇಕು, ಬಡಿಸುವ ಕೈ ಒಂದು ದಿನವೂ ತಪ್ಪಬಾರದು. ಸತ್ರವೂ ಹಾಗೆಯೇ. ಅಕ್ಕಿ ಎಲ್ಲಿಂದ ಬರಬೇಕು, ಯಾವ ಭೂಮಿಯ ಹುಟ್ಟುವಳಿ ಇದಕ್ಕೆ, ಬೇಯಿಸುವವರು ಯಾರು, ಉಳಿದುದರ ಲೆಕ್ಕ ಯಾರ ಬಳಿ ಎಂದು ಮೊದಲೇ ಗೊತ್ತುಮಾಡದೆ ಸತ್ರ ನಡೆಯದು. ಒಂದು ಸಲ ಕೊಟ್ಟು ಮುಗಿಯುವುದು ದಾನ. ದಿನವೂ ನಡೆಸಬೇಕಾದದ್ದು ಸೇವೆ. ಚಟ್ಟಲದೇವಿಯಲ್ಲಿ ಇವೆರಡೂ ಇದ್ದುವು. ಆದುದರಿಂದಲೇ ಅವಳನ್ನು ದಾನಿಯೆಂದು ಕರೆದರೆ ಸಾಲದು, ಸೇವಕಿಯರ ನಾಯಕಿಯೆಂದು ಕರೆಯುವುದು ನನಗೆ ಇಷ್ಟ.

ದ್ರಾವಿಡ ಸಂಘ ನಂದಿಗಣದ ಅರುಂಗಳಾನ್ವಯದ ಮುನಿಗಳು ಈ ಬಸದಿಗೆ ಗುರುಗಳಾಗಿದ್ದರು. ಒಡೆಯದೇವರೆಂದು ಹೆಸರಾದ ಶ್ರೀವಿಜಯರು ಚಟ್ಟಲದೇವಿಯ ಗುರುಗಳು. ಬಸದಿಯ ದತ್ತಿಯನ್ನು ಕಮಲಭದ್ರದೇವರ ಪಾದಗಳನ್ನು ತೊಳೆದು ಧಾರೆಯೆರೆದು ಕೊಡಲಾಯಿತು. ಮುಂದೆ 1103ರ ತೀರ್ಥಹಳ್ಳಿ ತಾಲ್ಲೂಕಿನ ಶಾಸನವೊಂದರಲ್ಲಿ ಚಟ್ಟಲದೇವಿಯ ಹೆಸರು ಮತ್ತೆ ಬರುತ್ತದೆ. ಅಲ್ಲಿ ವಾದಿಘರಟ್ಟ ಅಜಿತಸೇನ ಪಂಡಿತದೇವರ ಸ್ಮರಣೆಗಾಗಿ ಬಸದಿಯೊಂದರ ಕೆಲಸ. 1077ರಿಂದ 1103ಕ್ಕೆ ಇಪ್ಪತ್ತಾರು ವರ್ಷ. ಬೆಳೆಸಿದ ಮಕ್ಕಳು ಬೆಳೆದು, ಪಟ್ಟವೇರಿ ಆದ ಮೇಲೆಯೂ ಅವಳು ಕೆಲಸದಿಂದ ಎದ್ದು ಹೋಗಲಿಲ್ಲ.

ಅವಳ ತರುವಾಯವೂ ಆ ಮನೆಯ ಹೆಂಗಸರು ಬಸದಿಯನ್ನು ಬಿಡಲಿಲ್ಲ ಎಂಬುದು ಇನ್ನೂ ಗಮನಿಸತಕ್ಕ ಅಂಶ. 1147ರಲ್ಲಿ, ಎಂದರೆ ಮೊದಲ ಪ್ರತಿಷ್ಠೆಯಾಗಿ ಎಪ್ಪತ್ತು ವರ್ಷಗಳಾದ ಮೇಲೆ, ಸಾಂತರ ವಂಶದ ಪಂಪಾದೇವಿ ತನ್ನವರೊಡನೆ ಕೂಡಿ ಇದೇ ಉರ್ವೀತಿಲಕದ ಉತ್ತರ ಪಟ್ಟಸಾಲೆಯನ್ನು ಮಾಡಿಸಿದಳು. ಪಂಪಾದೇವಿಯ ಮಗಳು ಬಾಚಲದೇವಿಯನ್ನು ಅಭಿನವ ಅತ್ತಿಮಬ್ಬೆ ಎಂದು ಹೊಗಳಿದ್ದಾರೆ. ಎಪ್ಪತ್ತು ವರ್ಷ ಎಂದರೆ ಅಜ್ಜಿಯಿಂದ ಮೊಮ್ಮಗಳವರೆಗಿನ ದಾರಿ. ಕಟ್ಟಿದವರು ಒಬ್ಬರು, ಸೋರುವ ಮಾಡನ್ನು ನೋಡಿಕೊಂಡವರು ಇನ್ನೊಬ್ಬರು, ಪಟ್ಟಸಾಲೆ ಸೇರಿಸಿದವರು ಮತ್ತೊಬ್ಬರು. ಹೊಂಬುಜದಂತಹ ಮಳೆಯ ಊರಿನಲ್ಲಿ ಕಟ್ಟಡವೊಂದು ಉಳಿದು ಬರಬೇಕಾದರೆ ನಡುವಿನವಳ ಕೆಲಸವೇ ದೊಡ್ಡದು. ಅವಳ ಹೆಸರು ಮಾತ್ರ ಯಾವ ಕಲ್ಲಿನಲ್ಲಿಯೂ ಇಲ್ಲ.

ಈ ಜಿಲ್ಲೆಯಲ್ಲಿ ಚಟ್ಟಲದೇವಿ ಒಬ್ಬಂಟಿಯಲ್ಲ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಹತ್ತನೆಯ ಶತಮಾನದ ಆರಂಭದ ಶಾಸನವಿದೆ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಪತಿ ಸತ್ತರಸ ನಾಗಾರ್ಜುನನು ತೀರಿಕೊಳ್ಳಲು, ಆ ಅಧಿಕಾರವನ್ನು ಪತ್ನಿ ಜಕ್ಕಿಯಬ್ಬೆಗೆ ಕೊಟ್ಟರು. ಅವಳು ನಾಡನ್ನು ಚೆನ್ನಾಗಿ ಆಳಿ, ಕೊನೆಗೆ ಬಂದಳಿಕೆಯ ತೀರ್ಥದಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟಳು. ಹನ್ನೆರಡನೆಯ ಶತಮಾನದ ಆರಂಭದಲ್ಲಿ ನಮ್ಮ ಶಿವಮೊಗ್ಗ ತಾಲ್ಲೂಕಿನ ಬನ್ನಿಕೆರೆಯಲ್ಲಿ ಗಂಗರಸಿ ಬಾಚಲದೇವಿ (ಹೊಂಬುಜದ ಬಾಚಲದೇವಿ ಬೇರೆ, ಇವಳು ಬೇರೆ) ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದಳು. ಇವರನ್ನೆಲ್ಲ ವಿಸ್ತರಿಸಲು ಇಲ್ಲಿ ಸಮಯವಿಲ್ಲ.

ಆದರೆ ಒಂದು ಹೋಲಿಕೆಯನ್ನು ಬಿಡಲಾರೆ. ದಾನಚಿಂತಾಮಣಿ ಅತ್ತಿಮಬ್ಬೆಯ ಕಥೆ ನಿಮಗೆಲ್ಲ ತಿಳಿದಿದೆ. ಪತಿ ನಾಗದೇವನು ಯುದ್ಧದಲ್ಲಿ ಮಡಿದಾಗ ಅವನ ಇನ್ನೊಬ್ಬ ಪತ್ನಿ, ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ, ಚಿತೆಯೇರಿದಳು. ಅತ್ತಿಮಬ್ಬೆ ಏರಲಿಲ್ಲ. ಮಗ ಅಣ್ಣಿಗದೇವನನ್ನು ಬೆಳೆಸಿದಳು, ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿದಳು, ರನ್ನನಿಗೆ ಆಶ್ರಯವಾದಳು, ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದಳು. ಅವಳು ಅಂದು ಬದುಕಿ ಉಳಿದುದರಿಂದ ಕನ್ನಡಕ್ಕೆ ಏನು ಉಳಿಯಿತೆಂಬುದನ್ನು ವಿದ್ವಾಂಸರು ಹೇಳುತ್ತಾರೆ. ನಾನು ಹೇಳಬಯಸುವುದು ಇಷ್ಟೆ: ಅತ್ತಿಮಬ್ಬೆ, ಜಕ್ಕಿಯಬ್ಬೆ ಇಬ್ಬರೂ ಪತಿಯನ್ನು ಕಳೆದುಕೊಂಡ ಮೇಲೆ ಮೂಲೆ ಸೇರಲಿಲ್ಲ, ಆಗಿನ ಜಿನಸಮಾಜ ಅವರನ್ನು ಮೂಲೆಗೆ ತಳ್ಳಲೂ ಇಲ್ಲ.

ಹತ್ತಿರದ ಕಾಲಕ್ಕೆ ಬಂದರೂ ಇದೇ ಮಾತು. ಅಖಿಲ ಭಾರತ ದಿಗಂಬರ ಜೈನ ಮಹಿಳಾ ಪರಿಷತ್ತು 1909ರಲ್ಲಿ ಹುಟ್ಟಿತು. ಅದನ್ನು ಬೆಳೆಸಿದವರಲ್ಲಿ ಪ್ರಮುಖರು ಮುಂಬಯಿಯ ಸೇಠ್ ಮಾಣಿಕಚಂದರ ಮಗಳು ಮಗನಬಾಯಿ ಮತ್ತು ಬಿಹಾರದ ಆರಾ ನಗರದ ಪಂಡಿತೆ ಚಂದಾಬಾಯಿ. ಇಬ್ಬರೂ ಎಳೆಯ ವಯಸ್ಸಿನಲ್ಲಿ ವೈಧವ್ಯವನ್ನು ಕಂಡವರು. ಚಂದಾಬಾಯಿಯವರಿಗಂತೂ ಆಗ ಹನ್ನೆರಡೇ ವರ್ಷ. ಆಟದ ವಯಸ್ಸು! ಅವರು ಓದಿದರು, ಪಂಡಿತೆಯಾದರು, 1921ರಲ್ಲಿ ಆರಾದಲ್ಲಿ ಜೈನ ಬಾಲಾ ವಿಶ್ರಾಮವನ್ನು ಸ್ಥಾಪಿಸಿ ನಿರ್ಗತಿಕ ಹೆಣ್ಣುಮಕ್ಕಳಿಗೆ ಅನ್ನ ವಿದ್ಯೆಗಳನ್ನು ಕೊಟ್ಟರು, 'ಜೈನ ಮಹಿಳಾದರ್ಶ' ಪತ್ರಿಕೆಯನ್ನು ನಡೆಸಿದರು, 1977ರಲ್ಲಿ ದೇಹ ಬಿಡುವತನಕ ದುಡಿದರು. ಆ ವಿಶ್ರಾಮದ ಆವರಣದಲ್ಲಿ ನಮ್ಮ ಬಾಹುಬಲಿಯ ಪ್ರತಿಮೆಯೊಂದು ನಿಂತಿದೆ. ಅದೇ ಆರಾ ನಗರದ ಜೈನ ಸಿದ್ಧಾಂತ ಭವನದಲ್ಲಿ ನಮ್ಮ ಕನ್ನಡದ ಪಂಡಿತರಾದ ಕೆ. ಭುಜಬಲಿ ಶಾಸ್ತ್ರಿಗಳು ಬಹುಕಾಲ ಸೇವೆ ಸಲ್ಲಿಸಿದರು. ಎಲ್ಲಿಯ ಬಿಹಾರ, ಎಲ್ಲಿಯ ಕನ್ನಡನಾಡು!

ಈಗ ನಮ್ಮೂರುಗಳಿಗೆ ಬರುತ್ತೇನೆ. ಶಿವಮೊಗ್ಗ ತುಂಗೆಯ ಊರು, ಭದ್ರಾವತಿ ಭದ್ರೆಯ ಊರು. ಕೂಡಲಿಯಲ್ಲಿ ನದಿಗಳು ಸೇರುವುದಕ್ಕೆ ಮೊದಲೇ ಈ ಎರಡು ಊರಿನ ಹೆಂಗಸರು ಬಸದಿಯ ಅಡುಗೆಮನೆಯಲ್ಲಿ ಸೇರಿದ್ದಾರೆ ಎಂದು ನಾವು ತಮಾಷೆಗೆ ಹೇಳುವುದುಂಟು. ಭದ್ರಾವತಿ ಹಿಂದೆ ಬೆಂಕಿಪುರ. ಅಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಉರಿಯತೊಡಗಿದ ಮೇಲೆ, ಮುಂದೆ ಕಾಗದದ ಕಾರ್ಖಾನೆಯೂ ಬಂದ ಮೇಲೆ, ಎಲ್ಲೆಲ್ಲಿಂದಲೋ ಸಂಸಾರಗಳು ಬಂದು ನೆಲೆಸಿದುವು. ಅವುಗಳಲ್ಲಿ ನಮ್ಮವರೂ ಇದ್ದರು. ಊರು ಹೊಸದು, ನೆಂಟರು ದೂರ. ಅಂತಹ ಊರಿನಲ್ಲಿ ಹೆಣ್ಣುಮಕ್ಕಳಿಗೆ ತೌರುಮನೆಯಾದದ್ದು ಬಸದಿ ಮತ್ತು ಮಹಿಳಾ ಸಮಾಜ.

ಕಾರ್ಖಾನೆಯ ಕೂಗಿಗೆ ಸರಿಯಾಗಿ ಬುತ್ತಿ ಕಟ್ಟಿ ಕಳುಹಿಸಿ, ಮಕ್ಕಳನ್ನು ಶಾಲೆಗೆ ಬಿಟ್ಟು, ನ್ಯೂಟೌನಿನಿಂದಲೂ ಪೇಪರ್ ಟೌನಿನಿಂದಲೂ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬರುತ್ತಿದ್ದ ಹಿರಿಯಕ್ಕಂದಿರನ್ನು ನಾನು ಬಲ್ಲೆ. ಮುನಿಸಂಘ ಬಂದಿತೆಂದರೆ ಅವರಿಗೆ ಹಗಲಿರುಳಿನ ಪರಿವೆಯಿರಲಿಲ್ಲ. ಮುನಿಗಳದು ದಿನಕ್ಕೆ ಒಂದೇ ಆಹಾರ. ಅದಕ್ಕೆ ಬೇಕಾದ ನೀರನ್ನು ಸೋಸಿ ಕಾಯಿಸುವುದರಿಂದ ಹಿಡಿದು ಹಿಟ್ಟನ್ನು ಮನೆಯಲ್ಲಿಯೇ ಬೀಸಿಕೊಳ್ಳುವ ತನಕ ಎಲ್ಲವೂ ಮಡಿಯಲ್ಲಿ, ಹೊತ್ತಿಗೆ ಸರಿಯಾಗಿ ಆಗಬೇಕು. ಎಳೆಯ ಸೊಸೆಯರಿಗೆ ಪಡಗಾಹುವ ಕ್ರಮವನ್ನು ಕಲಿಸಿದವರು ಅವರು. ದಶಲಕ್ಷಣ ಪರ್ವದಲ್ಲಿ ಹತ್ತು ದಿನವೂ ಶಾಸ್ತ್ರ ಓದಿಸಿದವರು ಅವರು. ಮನೆಮನೆಯಿಂದ ಹಿಡಿ ಅಕ್ಕಿ ಎತ್ತಿ, ಅದರಲ್ಲಿಯೇ ಉಳಿಸಿ, ಮೆಗ್ಗಾನ್ ಆಸ್ಪತ್ರೆಗೆ ಹಳ್ಳಿಗಳಿಂದ ಬಂದ ರೋಗಿಗಳ ಜೊತೆಯವರಿಗೆ ಗಂಜಿ ಒಯ್ದು ಕೊಟ್ಟವರೂ ಅವರೇ. ಜಾತಿ ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ: ಹೊಂಬುಜದ ಶಾಸನದಲ್ಲಿ ಓದಿದ ನಾಲ್ಕು ಮಾತು ಇವರ ಕೈಯಲ್ಲಿ ಹಿಡಿ ಅಕ್ಕಿಯಾಗಿ ಬಂದಿತ್ತು.

ಕಾಗದದ ಕಾರ್ಖಾನೆಯ ಯಂತ್ರಗಳು 2015-16ರ ಹೊತ್ತಿಗೆ ನಿಂತುವು. ಮಕ್ಕಳು ಬೆಂಗಳೂರಿಗೂ ಅದಕ್ಕಿಂತ ದೂರಕ್ಕೂ ಹೋದರು. ಭದ್ರಾವತಿಯ ಹಲವು ಮನೆಗಳಲ್ಲಿ ಈಗ ಇರುವವರು ವಯಸ್ಸಾದವರು ಮಾತ್ರ. ಆ ಹಿರಿಯಕ್ಕಂದಿರಲ್ಲಿ ಬಹುಮಂದಿ ಇಂದು ಪರೋಕ್ಷರು.

ಈ ಸೇವೆಯ ಮುಂಚೂಣಿಯಲ್ಲಿ ಇದ್ದವರು ಯಾರೆಂಬುದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಪತಿಯನ್ನು ಕಳೆದುಕೊಂಡವರು, ಮಕ್ಕಳಿಲ್ಲದವರು, ಮದುವೆಯಾಗದೆ ತಮ್ಮಂದಿರನ್ನು ಓದಿಸಿದವರು. ಅವರಿಗೆ ಬಿಡುವಿದೆಯೆಂದು ನಾವು ಭಾವಿಸಿದೆವು. ಕೆಲಸವನ್ನೆಲ್ಲ ಅವರಿಗೆ ಒಪ್ಪಿಸಿದೆವು. ಉತ್ಸವದ ದಿನ ಬಂದಾಗ ಏನು ಮಾಡಿದೆವು? ಇದನ್ನು ಹೇಳ ಹೊರಟರೆ ಕೆಲವರಿಗೆ ಅಪ್ರಿಯವಾಗಬಹುದು. ಹಿರಿಯರು ಕ್ಷಮಿಸಬೇಕು.

ಈ ಮಹೋತ್ಸವದ ಮೊದಲ ಕಲ್ಯಾಣವೇ ಗರ್ಭಾವತರಣ. ಹದಿನಾರು ಸ್ವಪ್ನಗಳನ್ನು ಕಾಣುವ ಜಿನಮಾತೆ, ಅವಳ ಸೇವೆಗೆ ಶ್ರೀ ಹ್ರೀ ಧೃತಿ ಕೀರ್ತಿ ಬುದ್ಧಿ ಲಕ್ಷ್ಮಿಯರು, ದಿಕ್ಕುಮಾರಿಯರು. ಒಬ್ಬಳು ಕನ್ನಡಿ ಹಿಡಿಯುತ್ತಾಳೆ, ಒಬ್ಬಳು ಮಜ್ಜನ ಮಾಡಿಸುತ್ತಾಳೆ, ಒಬ್ಬಳು ಒಗಟು ಹೇಳಿ ನಗಿಸುತ್ತಾಳೆ. ತೀರ್ಥಂಕರನು ಜನಿಸುವುದಕ್ಕೆ ಮೊದಲೇ ಹೆಂಗಸರ ಸೇವಾದಳವೊಂದು ಹುಟ್ಟಿಕೊಂಡಿತು ಎನ್ನಬಹುದು. ಈ ಪಾತ್ರಗಳಿಗೆ ನಾವು ಸವಾಲು ಕೂಗುತ್ತೇವೆ. ಬಸದಿಗೆ ಹಣ ಬೇಕು, ಸವಾಲನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಜಿನಮಾತೆಯ ಪೀಠದ ವಿಚಾರ ಬಂದಾಗ ಹಣದ ಜೊತೆಗೆ ಇನ್ನೊಂದು ಲೆಕ್ಕವೂ ಸದ್ದಿಲ್ಲದೆ ನಡೆಯುತ್ತದೆ. ಮುತ್ತೈದೆಯಾಗಿರಬೇಕು, ಮಕ್ಕಳನ್ನು ಹೆತ್ತಿರಬೇಕು. ಕಳಶ ಹೊರುವ ಸಾಲಿನಲ್ಲಿಯೂ ಅದೇ. ಮೂವತ್ತು ವರ್ಷ ಈ ಸಮಾಜಕ್ಕೆ ಉಣಬಡಿಸಿದವಳು ಆ ಹೊತ್ತಿನಲ್ಲಿ ತಾನಾಗಿಯೇ ಕಂಬದ ಹಿಂದಕ್ಕೆ ಸರಿದು ನಿಲ್ಲುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸರಿಯೆಂದು ಯಾರೂ ಹೇಳಿರಲಿಲ್ಲ. ಇರು ಎಂದೂ ಯಾರೂ ಹೇಳಲಿಲ್ಲ. ಅಂದು ನಾನೂ ಕಳಶದ ಸಾಲಿನಲ್ಲಿದ್ದೆ, ನಾನೂ ಹೇಳಲಿಲ್ಲ.

ಚಟ್ಟಲದೇವಿ ಆ ನಾಲ್ವರನ್ನು ಹೆತ್ತವಳಲ್ಲ. ಅವಳು ಇಂದು ನಮ್ಮ ನಡುವೆ ಇದ್ದಿದ್ದರೆ ನಾವು ಅವಳನ್ನು ಮಾತೆಯ ಪೀಠದಲ್ಲಿ ಕುಳ್ಳಿರಿಸುತ್ತಿದ್ದೆವೆ, ಅಥವಾ ಉಗ್ರಾಣದ ಬೀಗದ ಕೈಯನ್ನು ಮಾತ್ರ ಕೊಡುತ್ತಿದ್ದೆವೆ? ಪ್ರತಿಷ್ಠಾಶಾಸ್ತ್ರದ ವಿಧಿಗಳನ್ನು ನಾನು ಪ್ರಶ್ನಿಸುತ್ತಿಲ್ಲ. ಅದು ಪುರೋಹಿತರಿಗೂ ಸ್ವಾಮೀಜಿಯವರಿಗೂ ಸೇರಿದ ವಿಷಯ. ವಿಧಿ ಯಾವುದು, ನಾವೇ ಬೆಳೆಸಿಕೊಂಡ ರೂಢಿ ಯಾವುದು ಎಂಬುದನ್ನು ಅವರೇ ಬೇರ್ಪಡಿಸಿ ತಿಳಿಸಿಕೊಡಬೇಕೆಂದು ಈ ವೇದಿಕೆಯಿಂದ ಸವಿನಯವಾಗಿ ಬೇಡುತ್ತೇನೆ. ರೂಢಿ ಎಂದು ತಿಳಿದುಬಂದಷ್ಟನ್ನು ಬಿಡಲು ನಮ್ಮ ಮಹಿಳಾ ಸಮಾಜ ಸಿದ್ಧವಾಗಿರಬೇಕು. ಅಪ್ಪಣೆಗಾಗಿ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ಮೆರವಣಿಗೆಯ ಕಳಶದ ಸಾಲನ್ನು ಗೊತ್ತುಮಾಡುವವರು ನಾವೇ ಅಲ್ಲವೆ?

ಮೊದಲಲ್ಲಿ ಒಂದು ತೊಡಕಿನ ಮಾತು ಹೇಳಿದ್ದೆ. ಈ ಭಾಷಣಕ್ಕಾಗಿ ನಾನು ಹಳೆಯ ಸ್ಮರಣ ಸಂಚಿಕೆಗಳನ್ನೂ ಕೈಗೆ ಸಿಕ್ಕಿದ ನಡಾವಳಿ ಪುಸ್ತಕಗಳನ್ನೂ ತಿರುವಿ ಹಾಕಿದೆ. ದಾನಿಗಳ ಹೆಸರಿದೆ, ಅವರು ಕೊಟ್ಟ ಹಣ ಪೈಸೆಯವರೆಗೆ ಇದೆ. ಹೆಂಗಸರ ವಿಷಯ ಬಂದಲ್ಲಿ 'ಇಂಥವರ ಧರ್ಮಪತ್ನಿ' ಎಂದಿದೆ, 'ಇಂಥವರ ತಾಯಿಯವರು' ಎಂದಿದೆ. ಕೊನೆಗೆ 'ಮಹಿಳಾ ಸಮಾಜದ ಸದಸ್ಯೆಯರು ಅಡುಗೆಯ ವ್ಯವಸ್ಥೆಯಲ್ಲಿ ಸಹಕರಿಸಿದರು' ಎಂದು ಒಂದು ಸಾಲು ಇದೆ. ಆ ಒಂದು ಸಾಲಿನೊಳಗೆ ಎಷ್ಟು ಮಂದಿ! ಅಂದು ಅಡುಗೆಮನೆಯಲ್ಲಿ ಇದ್ದವರ ಹೆಸರುಗಳನ್ನು ಬರೆದುಕೊಳ್ಳೋಣವೆಂದು ಒಂದು ಮಧ್ಯಾಹ್ನ ಮೂವರು ಹಿರಿಯರ ಎದುರು ಕುಳಿತೆ. ಮುಖ ನೆನಪಾಯಿತು, ಕೈಯಡುಗೆಯ ರುಚಿ ನೆನಪಾಯಿತು, ಮನೆಯ ಗುರುತು ಸಿಕ್ಕಿತು. ಹಲವರ ಹೆಸರು ಮಾತ್ರ ಯಾರಿಗೂ ನೆನಪಾಗಲಿಲ್ಲ. ಅಕ್ಕ, ಅತ್ತಿಗೆ, ದೊಡ್ಡಮ್ಮ ಎಂದೇ ಎಲ್ಲರೂ ಕರೆದಿದ್ದರು.

ಹೆಸರಿನ ಹಂಬಲ ನಮಗೆ ಸಲ್ಲದೆಂದು ಕೆಲವರು ಹೇಳಬಹುದು. ಖ್ಯಾತಿ ಲಾಭ ಪೂಜೆಗಳನ್ನು ಬಯಸಿ ಮಾಡಿದ ಧರ್ಮ ಧರ್ಮವಲ್ಲವೆಂದು ಶಾಸ್ತ್ರವೂ ಹೇಳುತ್ತದೆ. ಆ ಹಿರಿಯಕ್ಕಂದಿರಲ್ಲಿ ಒಬ್ಬರು ತಮ್ಮ ಭಾವಚಿತ್ರವನ್ನು ಸಂಚಿಕೆಯಲ್ಲಿ ಹಾಕುತ್ತೇವೆಂದಾಗ, "ಆ ಜಾಗದಲ್ಲಿ ಅಕ್ಕಿಯ ಲೆಕ್ಕವನ್ನು ಅಚ್ಚುಹಾಕಿಸಿ" ಎಂದು ಗದರಿಸಿದ್ದು ನನಗೆ ನೆನಪಿದೆ. ತಮ್ಮ ಹೆಸರು ಬೇಡವೆಂದದ್ದು ಅವರ ಗುಣ. ಅದನ್ನೇ ನೆಪಮಾಡಿಕೊಂಡು ನಾವು ಬರೆಯದೆ ಹೋದದ್ದು ನಮ್ಮ ಗುಣವಲ್ಲ. ಚಟ್ಟಲದೇವಿ ಕಲ್ಲಿನಲ್ಲಿ ಕೆತ್ತಿಸಹೊರಟದ್ದು ಅಗಲಿದವರ ನಾಲ್ಕು ಹೆಸರನ್ನು. ಆ ನಾಲ್ವರ ಜೊತೆಗೆ ಅವಳ ಹೆಸರೂ ನಮಗೆ ಬಂದು ಮುಟ್ಟಿತು.

ಸಮಿತಿಯವರಲ್ಲಿ ಒಂದು ಕೋರಿಕೆ ಸಲ್ಲಿಸಿದ್ದೇನೆ, ಅವರು ಒಪ್ಪಿದ್ದಾರೆ. ಈ ಉತ್ಸವದಲ್ಲಿ ಅಡುಗೆಮನೆ, ಉಗ್ರಾಣ, ಹೂಕಟ್ಟುವ ಮನೆ, ಚೌಕಗಳಲ್ಲಿ ದುಡಿಯುತ್ತಿರುವ ಪ್ರತಿಯೊಬ್ಬ ಸೋದರಿಯ ಹೆಸರೂ ಸ್ಮರಣ ಸಂಚಿಕೆಯಲ್ಲಿ ಅವರವರ ಸ್ವಂತ ಹೆಸರಾಗಿ ಅಚ್ಚಾಗುವುದು. ಅದರ ಜೊತೆಗೆ, ಹಿಂದೆ ದುಡಿದು ಪರೋಕ್ಷರಾದವರ ಹೆಸರುಗಳಿಗಾಗಿ ಒಂದು ದಪ್ಪ ಪುಸ್ತಕವನ್ನು ತರಿಸಿದ್ದೇನೆ. ಅದನ್ನು ಪೆಂಡಾಲಿನ ಮುಂಬಾಗಿಲಲ್ಲಿ ಇಟ್ಟಿಲ್ಲ. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ, ಉಗ್ರಾಣದ ಮೇಜಿನ ಮೇಲೆ ಇಟ್ಟಿದ್ದೇನೆ. ಲೇಖನಿಯನ್ನು ದಾರದಿಂದ ಕಟ್ಟಿದೆ. ನಿಮ್ಮ ಅತ್ತೆಯ ಹೆಸರು, ದೊಡ್ಡಮ್ಮನ ಹೆಸರು, ಪಕ್ಕದ ಮನೆಯ ಅಕ್ಕನ ಹೆಸರು, ಯಾವುದು ನೆನಪಿದೆಯೋ ಅದನ್ನು ಬರೆಯಿರಿ. ಹೆಸರು ಮರೆತಿದ್ದರೆ ಯಾವ ಬೀದಿಯ ಮನೆ, ಯಾವ ಕೆಲಸ ಮಾಡುತ್ತಿದ್ದರು ಎಂದಾದರೂ ಬರೆಯಿರಿ. ಬಲ್ಲವರು ಯಾರಾದರೂ ಮುಂದೆ ತುಂಬುತ್ತಾರೆ. ಅಕ್ಷರ ಬಾರದ ಅಜ್ಜಿಯರಿಗಾಗಿ ನಮ್ಮ ಹುಡುಗಿಯರಿಬ್ಬರು ಅಲ್ಲಿಯೇ ಕುಳಿತಿರುತ್ತಾರೆ. ಮಧ್ಯಾಹ್ನದ ಊಟಕ್ಕೆ ಏಳುವಾಗ ಎಲ್ಲರೂ ಆ ಬಾಗಿಲಿನ ಮೂಲಕವೇ ಹೋಗಬೇಕೆಂದು ಪ್ರಾರ್ಥನೆ.

ಜಯ ಜಿನೇಂದ್ರ.